ಸಂತ ಜೋಸೆಫ್ ವಾಜ್: ಕಷ್ಟಕಾಲದಲ್ಲಿ ಕಂಗೆಡದ ಗುರು



ಮುಡಿಪು ಗುಡ್ಡ ಹತ್ತಿ ಬರುವ ನಾವೆಲ್ಲ ಏನಾದರೊಂದು ಭಾರ ಹೊತ್ತುಕೊಂಡೇ ಬರುತ್ತೇವೆ. ಒಬ್ಬರ ಮನೆಯಲ್ಲಿ ಕಾಯಿಲೆ, ಇನ್ನೊಬ್ಬರಿಗೆ ಸಾಲ, ಮತ್ತೊಬ್ಬರಿಗೆ ಮಕ್ಕಳ ಚಿಂತೆ. ಕೆಲವರಿಗಂತೂ ಏನು ಹೆದರಿಕೆ ಎಂದು ಬಾಯಿಬಿಟ್ಟು ಹೇಳಲೂ ಆಗುವುದಿಲ್ಲ. ಈ ಗುಡ್ಡದ ಸಂತರ ಬದುಕು ಕೂಡ ಹೆದರಿಕೆಗಳ ನಡುವೆಯೇ ಕಳೆದ ಬದುಕು. ಹೋಗುವ ಮೊದಲು ಅವರ ಕಥೆಯನ್ನು ಒಮ್ಮೆ ಓದಿ.

ಜೋಸೆಫ್ ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವಾದ ಬೆನೌಲಿಮ್ ಎಂಬ ಊರಿನ ತಾಯಿಯ ಮನೆಯಲ್ಲಿ. ತಂದೆ ಕ್ರಿಸ್ತೊವಾಂವ್ ವಾಜ್, ತಾಯಿ ಮರಿಯಾ ದೆ ಮಿರಾಂದಾ. ಮನೆಯಲ್ಲಿ ಕೊಂಕಣಿ ಮಾತು, ಶಾಲೆಯಲ್ಲಿ ಪೋರ್ಚುಗೀಸ್ ಮತ್ತು ಲ್ಯಾಟಿನ್. 1676ರಲ್ಲಿ ಗುರುದೀಕ್ಷೆಯಾಯಿತು. ಮರುವರ್ಷವೇ ತಾನು ಮಾತೆ ಮರಿಯಾಳ ದಾಸನೆಂದು ಪತ್ರ ಬರೆದು, ತನ್ನನ್ನು ಪೂರ್ತಿಯಾಗಿ ಆ ತಾಯಿಗೆ ಒಪ್ಪಿಸಿಕೊಂಡರು. ಮುಂದೆ ಎಂತೆಂಥ ಕಷ್ಟ ಬಂದರೂ ಆ ಒಪ್ಪಂದವನ್ನು ಅವರು ಮುರಿಯಲಿಲ್ಲ.

1681ರಲ್ಲಿ ಅವರನ್ನು ನಮ್ಮ ಕೆನರಾ ಸೀಮೆಗೆ ಕಳುಹಿಸಿದರು. ಆಗ ಇಲ್ಲಿ ಕೆಳದಿಯ ರಾಣಿ ಚೆನ್ನಮ್ಮನ ಆಳ್ವಿಕೆ. ಗೋವಾದಿಂದ ವಲಸೆ ಬಂದ ಕ್ರೈಸ್ತ ಕುಟುಂಬಗಳು ಕರಾವಳಿಯುದ್ದಕ್ಕೂ ಚದುರಿ ಹೋಗಿದ್ದವು. ಬಲಿಪೂಜೆಗೆ, ದೀಕ್ಷಾಸ್ನಾನಕ್ಕೆ, ಸಾಯುವವರ ಬಳಿ ಕೂರುವುದಕ್ಕೆ ಸಾಕಷ್ಟು ಗುರುಗಳಿರಲಿಲ್ಲ. ಸಾಲದ್ದಕ್ಕೆ ಇರುವವರಲ್ಲೇ ಜಗಳ. ಒಂದು ಕಡೆ ಗೋವಾದ ಆರ್ಚ್‌ಬಿಷಪರ ಅಧಿಕಾರ, ಇನ್ನೊಂದು ಕಡೆ ರೋಮ್ ನೇಮಿಸಿದ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರ ಅಧಿಕಾರ. ಯಾರ ಮಾತು ಕೇಳಬೇಕು ಎಂದು ಜನ ಇಬ್ಭಾಗವಾಗಿದ್ದರು. ಗೋವಾದ ಪರವಾಗಿ ಬಂದಿದ್ದರೂ ಫಾದರ್ ವಾಜ್ ಆ ಜಗಳವನ್ನು ಬೀದಿಗೆ ತರಲಿಲ್ಲ. ಬಿಷಪರಿಗೆ ಸಲ್ಲಬೇಕಾದ ಗೌರವ ಸಲ್ಲಿಸಿದರು. ಮಂಗಳೂರು, ಬಸರೂರು, ಕುಂದಾಪುರ, ಗಂಗೊಳ್ಳಿ ಎಂದು ನಡೆದೇ ಹೋದರು. ಬಿದ್ದ ದೇವಾಲಯಗಳನ್ನು ಎತ್ತಿ ಕಟ್ಟಿಸಿದರು, ಮಕ್ಕಳಿಗೆ ಓದು ಬರಹ ಕಲಿಸುವ ಏರ್ಪಾಡು ಮಾಡಿದರು.

ಮುಡಿಪುವಿನ ಕಥೆ ಆ ಕಾಲದ್ದು. ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಯಾರೋ ಸಾಯುವ ಸ್ಥಿತಿಯಲ್ಲಿದ್ದಾರೆ, ಬೇಗ ಬನ್ನಿ ಎಂದು ಸುಳ್ಳು ಹೇಳಿ ಕೆಲವರು ಗುರುಗಳನ್ನು ರಾತ್ರಿಹೊತ್ತು ಈ ಗುಡ್ಡಕ್ಕೆ ಕರೆತಂದರಂತೆ. ಕೇಡು ಮಾಡುವುದು ಅವರ ಉದ್ದೇಶ. ಆದರೆ ಇದ್ದಕ್ಕಿದ್ದಂತೆ ಬೆಳಕು ಹರಿದು, ಬಂಡೆಯ ಮೇಲೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಗುರುಗಳು ಕಂಡರಂತೆ. ಅಲ್ಲೇ ನೀರಿನ ಒರತೆ ಚಿಮ್ಮಿತಂತೆ. ಅಂದಿನಿಂದ ಈ ನೀರನ್ನು ಜನ ಭಕ್ತಿಯಿಂದ ತೆಗೆದುಕೊಂಡು ಹೋಗುತ್ತಾರೆ. ನೀರಿನ ಜೊತೆ ಇನ್ನೊಂದು ವಿಷಯವನ್ನೂ ನೆನಪಿಟ್ಟುಕೊಳ್ಳಬೇಕು. ಮೋಸ ಎಂದು ತಿಳಿದಾಗ ಗುರುಗಳು ಓಡಲಿಲ್ಲ, ಕೈ ಎತ್ತಲಿಲ್ಲ, ಮೊಣಕಾಲೂರಿದರು. ಜೀವಮಾನವಿಡೀ ಅವರು ಮಾಡಿದ್ದು ಇದನ್ನೇ. ಮೊದಲು ಪ್ರಾರ್ಥನೆ, ಆಮೇಲೆ ಎದ್ದು ಮುಂದಿನ ಕೆಲಸ.

1684ರಲ್ಲಿ ಗೋವಾಕ್ಕೆ ಹಿಂದಿರುಗಿ, ಮರುವರ್ಷ ಅಲ್ಲಿನ ಒರಟೋರಿಯನ್ ಗುರುಗಳ ಸಭೆ ಸೇರಿದರು. ಆದರೆ ಮನಸ್ಸೆಲ್ಲ ಸಿಲೋನಿನಲ್ಲಿ, ಅಂದರೆ ಇಂದಿನ ಶ್ರೀಲಂಕಾದಲ್ಲಿ. ಅಲ್ಲಿನ ಕರಾವಳಿಯನ್ನು ಪೋರ್ಚುಗೀಸರಿಂದ ಕಸಿದುಕೊಂಡಿದ್ದ ಡಚ್ಚರು ಕಥೋಲಿಕ ಗುರುಗಳನ್ನು ಹೊರಹಾಕಿದ್ದರು. ಗುರುಗಳಿಗೆ ಆಸರೆ ಕೊಟ್ಟವರಿಗೂ ಕಠಿಣ ಶಿಕ್ಷೆ. ವರ್ಷಗಟ್ಟಲೆ ಅಲ್ಲಿನ ವಿಶ್ವಾಸಿಗಳಿಗೆ ಬಲಿಪೂಜೆಯೇ ಇರಲಿಲ್ಲ.

1686ರಲ್ಲಿ ಅವರು ಹೊರಟರು, ಜೊತೆಗೆ ಜಾನ್ ಎಂಬ ನಂಬಿಕೆಯ ಸೇವಕ. ಗುರುಗಳ ನಿಲುವಂಗಿ ಬಿಟ್ಟು ಕೂಲಿಯವರಂತೆ ಬಟ್ಟೆ ಉಟ್ಟು, ತೂತುಕುಡಿಯಿಂದ ದೋಣಿ ಹತ್ತಿ 1687ರಲ್ಲಿ ಜಾಫ್ನಾ ತಲುಪಿದರು. ತಲುಪಿದ ಹೊಸದರಲ್ಲೇ ಆಮಶಂಕೆ. ಎದ್ದು ನಿಲ್ಲಲೂ ತ್ರಾಣವಿಲ್ಲ. ಒಬ್ಬ ಬಡ ಹೆಂಗಸು ತಂದುಕೊಟ್ಟ ಗಂಜಿ ಕುಡಿದು ಜೀವ ಉಳಿಸಿಕೊಂಡರು. ಚೇತರಿಸಿಕೊಂಡ ಮೇಲೆ ಕೊರಳಿಗೆ ದೊಡ್ಡ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಹೊಟ್ಟೆಗಾಗಿ ಅಲ್ಲ. ಜಪಮಾಲೆ ನೋಡಿ ಯಾರ ಕಣ್ಣು ಅರಳುತ್ತದೆ, ಯಾರ ಮನೆಯಲ್ಲಿ ವಿಶ್ವಾಸ ಇನ್ನೂ ಉಳಿದಿದೆ ಎಂದು ಹುಡುಕುವುದಕ್ಕಾಗಿ. ಹೀಗೆ ಒಂದೊಂದೇ ಮನೆ ಸಿಕ್ಕಿತು. ರಾತ್ರಿಹೊತ್ತು, ಬಾಗಿಲು ಮುಚ್ಚಿದ ಮನೆಗಳಲ್ಲಿ ಬಲಿಪೂಜೆ ಶುರುವಾಯಿತು.

1689ರ ಕ್ರಿಸ್ಮಸ್ ಸಮಯದಲ್ಲಿ ಡಚ್ಚರು ದಾಳಿ ಮಾಡಿದರು. ಗುರುಗಳು ಸಿಗಲಿಲ್ಲ. ಆದರೆ ಪೂಜೆಗೆ ಸೇರಿದ್ದ ಜನ ಸೆರೆಯಾದರು, ಕೆಲವರು ಪ್ರಾಣವನ್ನೇ ಕೊಟ್ಟರು. ತನ್ನನ್ನು ಬಚ್ಚಿಟ್ಟವರು ಪೆಟ್ಟು ತಿಂದರು, ತಾನು ಉಳಿದೆ ಎನ್ನುವುದು ಸಣ್ಣ ನೋವಲ್ಲ. ವಿಶ್ವಾಸ ಇದ್ದರೆ ಕಷ್ಟವೇ ಬರುವುದಿಲ್ಲ ಎಂದು ಈ ಸಂತರ ಬದುಕು ಹೇಳುವುದಿಲ್ಲ. ಆದರೂ ಅವರು ಗೋವಾದ ದೋಣಿ ಹಿಡಿಯಲಿಲ್ಲ. ಪುತ್ತಳಂಗೆ ಹೋದರು, ಅಲ್ಲಿಂದ 1692ರಲ್ಲಿ ಬೌದ್ಧ ಅರಸನ ರಾಜಧಾನಿ ಕ್ಯಾಂಡಿಗೆ ಬಂದರು.

ಅಲ್ಲೇನು ಹೂಮಾಲೆ ಕಾದಿತ್ತೇ? ಇವರು ಪೋರ್ಚುಗೀಸರ ಗೂಢಚಾರರು ಎಂಬ ಚಾಡಿ ಮಾತು ಇವರಿಗಿಂತ ಮೊದಲೇ ಎರಡನೆಯ ವಿಮಲಧರ್ಮಸೂರ್ಯ ರಾಜನ ಕಿವಿಗೆ ಬಿದ್ದಿತ್ತು. ನೇರ ಸೆರೆಮನೆ. ಗುರುಗಳು ಅಲ್ಲೇ ಕೂತು ಸಿಂಹಳ ಭಾಷೆ ಕಲಿತರು. ಕಾವಲಿನವರು ಸ್ವಲ್ಪ ಸಡಿಲ ಬಿಟ್ಟಾಗ ಅಂಗಳದಲ್ಲೇ ಒಂದು ಗುಡಿಸಲು ಕಟ್ಟಿ ಬಲಿಪೂಜೆ ಮಾಡಿದರು. ಬಿಡುಗಡೆಯಾದ ಮೇಲೆ ನೋಡೋಣ ಎಂದು ಯಾವ ಕೆಲಸವನ್ನೂ ಮುಂದೆ ಹಾಕಲಿಲ್ಲ.

ಆಮೇಲೆ ಕ್ಯಾಂಡಿಗೆ ದೊಡ್ಡ ಬರಗಾಲ ಬಂತು. ರಾಜನೇ ಇವರಲ್ಲಿ ಪ್ರಾರ್ಥಿಸಲು ಕೇಳಿಕೊಂಡ. ಚೌಕದಲ್ಲಿ ಪೀಠ ಮಾಡಿ, ಶಿಲುಬೆ ಇಟ್ಟು ಗುರುಗಳು ಮೊಣಕಾಲೂರಿದರು. ಮಳೆ ಧಾರಾಕಾರ ಸುರಿಯಿತು, ಅವರೂ ಪೀಠವೂ ಮಾತ್ರ ನೆನೆಯಲಿಲ್ಲ ಎಂದು ಅವರ ಚರಿತ್ರೆ ಹೇಳುತ್ತದೆ. ರಾಜ ಅವರಿಗೆ ಸ್ವಾತಂತ್ರ್ಯ ಕೊಟ್ಟ.

1697ರಲ್ಲಿ ಅದೇ ಊರಿಗೆ ಸಿಡುಬು ಬಡಿಯಿತು. ರಾಜನೂ ಊರು ಬಿಟ್ಟ. ರೋಗಿಗಳನ್ನು ಮನೆಯವರೇ ಕಾಡಿಗೆ ಬಿಟ್ಟು ಓಡಿದರು. ತಮ್ಮನ್ನು ಸೆರೆಗೆ ಹಾಕಿದ್ದ ಆ ಊರಿನ ಜನರನ್ನು ಫಾದರ್ ವಾಜ್ ಮತ್ತು ಗೋವಾದಿಂದ ಬಂದಿದ್ದ ಫಾದರ್ ಕಾರ್ವಾಲೊ ಹುಡುಕಿ ತಂದರು. ಗುಡಿಸಲು ಹಾಕಿ ಮಲಗಿಸಿ, ಗಾಯ ತೊಳೆದು, ಗಂಜಿ ಕುಡಿಸಿದರು. ಸತ್ತವರನ್ನು ಮಣ್ಣು ಮಾಡಿದರು. ಜಾತಿ ಧರ್ಮ ಕೇಳಲಿಲ್ಲ. ಹತ್ತು ವರ್ಷದ ಹಿಂದೆ ಜಾಫ್ನಾದಲ್ಲಿ ಗಂಜಿಗಾಗಿ ಕೈಚಾಚಿದ್ದವರು ಈಗ ಬೇರೆಯವರಿಗೆ ಗಂಜಿ ಕೊಡುತ್ತಿದ್ದರು.

ಬಿಷಪ್ ಪದವಿ ಹುಡುಕಿಕೊಂಡು ಬಂದಾಗ ಬೇಡವೆಂದರು. ಊರೂರು ಸುತ್ತಿ ದೇಹ ಸವೆಯಿತು. ಸುಮಾರು 24 ವರ್ಷ ಒಮ್ಮೆಯೂ ಗೋವಾಕ್ಕೆ ಹಿಂದಿರುಗದೆ ದುಡಿದು, 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಕಣ್ಣು ಮುಚ್ಚಿದರು. ಅವರ ಸಮಾಧಿ ಎಲ್ಲಿದೆ ಎಂದು ಇಂದು ಯಾರಿಗೂ ತಿಳಿಯದು. ಅವರು ಬೆಳೆಸಿದ ಸಭೆ ಮಾತ್ರ ಉಳಿಯಿತು. ಜಗದ್ಗುರು ಎರಡನೇ ಜಾನ್ ಪಾಲ್ 1995ರ ಜನವರಿ 21ರಂದು ಅವರನ್ನು ಪುನೀತರೆಂದೂ, ಪೋಪ್ ಫ್ರಾನ್ಸಿಸ್ 2015ರ ಜನವರಿ 14ರಂದು ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು.

ಪ್ರಿಯ ಯಾತ್ರಿಕರೇ, ಇಲ್ಲಿಂದ ಇಳಿದು ಹೋದಾಗ ಆ ಸಾಲ, ಆ ಕಾಯಿಲೆ ಮನೆಯಲ್ಲಿ ಹಾಗೆಯೇ ಇರಬಹುದು. ಇವತ್ತು ರಾತ್ರಿ ಮಲಗುವ ಮೊದಲು ಐದು ನಿಮಿಷ ಮೊಣಕಾಲೂರಿ. ಯೇಸುಸ್ವಾಮಿಯ ಮುಂದೆ ಹೆದರಿಕೆಯನ್ನು ಇದ್ದ ಹಾಗೆ ಹೇಳಿಬಿಡಿ. ನಾಳೆ ಬೆಳಿಗ್ಗೆ ಎದ್ದು, ಕೈಗೆ ಸಿಗುವ ಮೊದಲ ಕೆಲಸ ಮಾಡಿ. ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಒಂದು ಲೋಟ ಗಂಜಿ ಕೊಂಡೊಯ್ಯಿರಿ.

ಸಂತ ಜೋಸೆಫ್ ವಾಜರೇ, ನಮಗಾಗಿ ಪ್ರಾರ್ಥಿಸಿರಿ.