ಅರಳಗುಂಡಗಿಯ ಹೊಲದಿಂದ

ಹೋಳಿ ಹುಣ್ಣಿಮೆ ಕಳೆದ ಕೂಡಲೆ ನಮ್ಮ ಸೀಮೆಯ ಹಾದಿಗಳೆಲ್ಲ ಕಲಬುರಗಿಯತ್ತ ಮುಖ ಮಾಡುತ್ತವೆ. ಆಳಂದದ ಕಡೆಯಿಂದ, ಅಫಜಲಪುರದ ಭೀಮಾ ತೀರದಿಂದ, ಜೇವರ್ಗಿಯ ಎರೆಹೊಲಗಳ ನಡುವಿನಿಂದ ಸದ್ಭಕ್ತರು ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಮಹಾದಾಸೋಹಿ ಶ್ರೀ ಶರಣಬಸವೇಶ್ವರರ ತೇರಿನ ದಿನ ಪೀಠಾಧಿಪತಿಗಳು ಪರುಷ ಬಟ್ಟಲನ್ನು ಎತ್ತಿ ತೋರಿಸುವ ಆ ಒಂದು ಕ್ಷಣಕ್ಕಾಗಿ ಬಿಸಿಲನ್ನೂ ಲೆಕ್ಕಿಸದೆ ಕಾಯುತ್ತಾರೆ. ತೇರಿಗೆ ಉತ್ತತ್ತಿ ಎಸೆಯುವ ಕೈಗಳು ಲಕ್ಷಗಟ್ಟಲೆ. ಆದರೆ ಈ ಮಹಾತ್ಮರು ಒಂದು ಕಾಲಕ್ಕೆ ಜೋಳದ ಹೊಲದಲ್ಲಿ ಮೈಮುರಿದು ದುಡಿದವರು, ಅವರ ಹಿರಿಮೆ ಮೊದಲು ಮೊಳೆತದ್ದು ಗದ್ದುಗೆಯ ಮೇಲಲ್ಲ, ಹೊಲದ ಬದುವಿನ ಮೇಲೆ ಎಂಬುದನ್ನು ನೆನೆಯುವವರು ವಿರಳ.

ಶರಣಬಸವರು 1746ರಲ್ಲಿ ಜೇವರ್ಗಿ ಸೀಮೆಯ ಅರಳಗುಂಡಗಿ ಗ್ರಾಮದ ಒಕ್ಕಲುತನದ ಶಿವಭಕ್ತ ಮನೆತನದಲ್ಲಿ ಅವತರಿಸಿದರು. ಆಗ ಈ ಸೀಮೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ನಿಜಾಮರಿಗೂ ಮರಾಠರಿಗೂ ಆಗಾಗ ಕದನಗಳು ನಡೆಯುತ್ತಿದ್ದ ಕಾಲವದು. ಅವರ ಜೀವಿತಕಾಲದಲ್ಲಿಯೇ, 1791-92ರಲ್ಲಿ, ದಖ್ಖನ್ ನಾಡು ತಲೆಬುರುಡೆಗಳ ಬರವೆಂದು ಹೆಸರಾದ ಘೋರ ಕ್ಷಾಮವನ್ನು ಕಂಡಿತು. ಅಂಥ ಕಾಲದಲ್ಲಿ ಕಾಳೆಂಬುದು ಬರಿಯ ಕಾಳಲ್ಲ, ಪ್ರಾಣ. ಅದನ್ನು ಮರೆತರೆ ಶರಣರ ಕಥೆ ಮಕ್ಕಳ ಕಥೆಯಂತೆ ಕಂಡೀತು.

ನಮ್ಮ ಕಡೆ ಹಿಂಗಾರಿ ಜೋಳ ಹಾಲುಗಾಳಾಗುವ ಹೊತ್ತಿಗೆ ಹಕ್ಕಿಗಳ ಹಿಂಡು ಇಳಿಯುತ್ತದೆ. ಮಂಚಿಗೆ ಕಟ್ಟಿ, ಅದರ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುವುದು ಒಕ್ಕಲುತನದ ಕಠಿಣ ಕೆಲಸಗಳಲ್ಲೊಂದು. ಮುಂಜಾನೆಯಿಂದ ಸಂಜೆಯವರೆಗೆ ಕೂಗಿ ಕೂಗಿ ಗಂಟಲು ಒಣಗುತ್ತದೆ. ಶರಣಬಸವರು ಹಕ್ಕಿ ಕಾಯಲು ಹೋದವರು ಹಕ್ಕಿಗಳನ್ನು ಓಡಿಸಲಿಲ್ಲ. ತಿನ್ನಲು ಬಿಟ್ಟು, ಕುಡಿಯಲು ನೀರನ್ನೂ ಇಟ್ಟರು. ನೋಡಿದವರು ನಕ್ಕರು, ಮನೆಗೆ ಚಾಡಿ ಹೇಳಿದರು. ಸುಗ್ಗಿಯಲ್ಲಿ ರಾಶಿ ಮಾಡಿ ನೋಡಿದರೆ ಫಸಲು ಕಡಿಮೆಯಾಗಿರಲಿಲ್ಲವೆಂದು ನಮ್ಮ ಜನ ಇಂದಿಗೂ ಹೇಳುತ್ತಾರೆ. ಇದನ್ನು ಪವಾಡವೆಂದು ನಂಬುವವರ ಭಕ್ತಿಗೆ ನಾವು ಅಡ್ಡಬರುವುದಿಲ್ಲ. ಆದರೆ ನಮ್ಮ ಮನಸ್ಸು ರಾಶಿಯ ಮೇಲಲ್ಲ, ಆ ಹೊಲದಲ್ಲಿ ಜೊತೆಗೆ ದುಡಿದಿರಬಹುದಾದ ಆಳುಗಳ ಮೇಲೆ ನಿಲ್ಲುತ್ತದೆ.

ಹಕ್ಕಿ ತಿಂದ ಕಾಳನ್ನೇ ಲೆಕ್ಕ ಹಾಕದ ಯಜಮಾನನ ಹೊಲದಲ್ಲಿ ಆಳಿನ ತುತ್ತಿಗೆ ಲೆಕ್ಕವಿದ್ದೀತೆ? ಎಳ್ಳ ಅಮಾವಾಸ್ಯೆಯ ದಿನ ನಮ್ಮ ಒಕ್ಕಲಿಗರೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಹೋಗಿ, ಹಾದಿಯಲ್ಲಿ ಹೋಗುವವರನ್ನೂ ಕರೆದು ಉಣಿಸುತ್ತಾರೆ. ಆ ಒಂದು ದಿನ ಆಳು-ಅರಸನೆಂಬ ಭೇದ ಸಡಿಲಾಗುತ್ತದೆ. ಶರಣರ ಹೊಲದಲ್ಲಿ ಪ್ರತಿದಿನವೂ ಚರಗದ ದಿನ. ಅಲ್ಲಿ ಕೆಲಸವೆಂದರೆ ಕಾಯಕ, ಊಟವೆಂದರೆ ದಾಸೋಹ. ಅಂಥ ನೆಲದಲ್ಲಿ ದುಡಿಯುವವನು ಯಾರೂ ಹೇಳದೆಯೇ ಮುಂದೆ ಬಂದು ಭಾರ ಹೊರುತ್ತಾನೆ ಎಂಬುದು ನಮ್ಮ ಅನಿಸಿಕೆ. ನೀರು ತರುವವನು ಒಬ್ಬ, ಸೌದೆ ಒಡೆಯುವವನು ಒಬ್ಬ, ಬಂದ ಜಂಗಮರಿಗೆ ಕಂಬಳಿ ಹಾಸುವವನು ಇನ್ನೊಬ್ಬ. ಹೀಗೆ ನೂರು ಮಂದಿ ತಮ್ಮ ತಮ್ಮ ಕೆಲಸಕ್ಕೆ ತಾವೇ ಮುಂದಾಳುಗಳಾಗದೆ ನಿತ್ಯದ ಅನ್ನದಾಸೋಹ ಒಂದು ತಿಂಗಳೂ ನಡೆಯಲಾರದು. ಮಠ ನಡೆಸುವ ನಮಗೆ ಇದು ಗೊತ್ತು.

ಹಿಂದೆ ಕಣದಲ್ಲಿ ಹಂತಿ ಹೊಡೆಯುವ ರಾತ್ರಿಗಳಲ್ಲಿ ನಾವು ಚಿಕ್ಕವರಿದ್ದಾಗ ಕಂಡದ್ದು ನೆನಪಾಗುತ್ತದೆ. ಮೇಟಿಯ ಸುತ್ತ ಎತ್ತುಗಳು ತಿರುಗುತ್ತಿರುವಾಗ ಒಬ್ಬ ಹಂತಿಯ ಪದ ಎತ್ತುತ್ತಿದ್ದ, ಉಳಿದವರು ಸೊಲ್ಲು ಹಿಡಿಯುತ್ತಿದ್ದರು. ನಡುರಾತ್ರಿಗೆ ಅವನ ದನಿ ಬಿದ್ದರೆ, ಅದುವರೆಗೆ ಸೊಲ್ಲು ಹಿಡಿಯುತ್ತಿದ್ದ ಯಾವನೋ ಒಬ್ಬ ತಾನೇ ಎತ್ತಿಕೊಳ್ಳುತ್ತಿದ್ದ. ತಪ್ಪಿ ಹಾಡಿದರೂ ಯಾರೂ ಹಂಗಿಸುತ್ತಿರಲಿಲ್ಲ. ಎತ್ತು ನಿಲ್ಲಬಾರದು, ಅಷ್ಟೆ. ಅದೇ ಹುಡುಗನನ್ನು ಊರ ಗುಡಿಯ ಭಜನೆಯಲ್ಲಿ ಹಾಡೆಂದರೆ ಬಾಯಿ ಬಿಡುತ್ತಿರಲಿಲ್ಲ. ಅಲ್ಲಿ ತಪ್ಪು ಹಿಡಿಯುವ ಹಿರಿಯರು ಸಾಲಾಗಿ ಕುಳಿತಿರುತ್ತಿದ್ದರು.

ಮತ್ತೆ ಶರಣರ ಕಥೆಗೆ ಬರೋಣ. ಮನೆತನದ ದವಸವೆಲ್ಲ ಬಂದವರ ಪಾಲಾಗುವುದನ್ನು ಎಲ್ಲರೂ ಸಂತೋಷದಿಂದ ಒಪ್ಪಿದರೆಂದು ಜನರ ಮಾತು ಹೇಳುವುದಿಲ್ಲ. ಹಗೇವಿನ ಕಾಳು ಬರಗಾಲದ ಭದ್ರತೆ. ಅದನ್ನು ತೆರೆದಿಟ್ಟರೆ ಹೆದರದ ಸಂಸಾರ ಯಾವುದಿದೆ? ಹೆದರಿದವರನ್ನು ನಾವು ನಿಂದಿಸುವುದಿಲ್ಲ. ಶರಣರೂ ಯಾರ ಮೇಲೂ ಅಧಿಕಾರ ನಡೆಸಲಿಲ್ಲ, ವಾದಕ್ಕೆ ನಿಲ್ಲಲಿಲ್ಲ. ಹುಟ್ಟಿದ ಊರನ್ನು ಬಿಟ್ಟು ಹೊರಟರು, ಕಲಬುರಗಿಗೆ ಬಂದು ನೆಲೆಸಿದರು. ಅಲ್ಲಿ ದಾಸೋಹ ಮತ್ತೆ ಮೊದಲಾಯಿತು. ಸ್ವಂತದ ಹೊಲ, ಕಣ ಎಲ್ಲವನ್ನೂ ಬಿಟ್ಟು ಬಂದ ವ್ಯಕ್ತಿಯ ಸುತ್ತ ಮತ್ತೆ ಅದೇ ಬಗೆಯ ಜನ, ಅದೇ ಬಗೆಯ ದುಡಿಮೆ ಕೂಡಿಕೊಂಡಿತು. ಆ ಹೊಲದ ಗಾಳಿ ನೆಲದಲ್ಲಿ ಇರಲಿಲ್ಲ, ಅವರ ಜೊತೆಗೇ ಬಂದಿತ್ತು ಎನ್ನಬೇಕು.

1822ರಲ್ಲಿ ಶರಣರು ಲಿಂಗೈಕ್ಯರಾದರು. ಸಾಮಾನ್ಯವಾಗಿ ಒಬ್ಬ ದೊಡ್ಡವರು ಹೋದ ಮೇಲೆ ಒಲೆ ಆರುತ್ತದೆ. ಇಲ್ಲಿ ಆರಲಿಲ್ಲ. ಆದಿ ದೊಡ್ಡಪ್ಪ ಅಪ್ಪನವರು ಮೊದಲ ಪೀಠಾಧಿಪತಿಗಳಾಗಿ ದಾಸೋಹವನ್ನು ಮುಂದುವರಿಸಿದರು. ಮುಂದೆ ಅನ್ನದ ಜೊತೆಗೆ ಅಕ್ಷರದ ದಾಸೋಹವೂ ಸೇರಿ ಶಾಲೆ-ಕಾಲೇಜುಗಳಾದವು, 2017ರಲ್ಲಿ ವಿಶ್ವವಿದ್ಯಾಲಯವೂ ಆಯಿತು. ಎಂಟನೆಯ ಪೀಠಾಧಿಪತಿ ಡಾ. ಶರಣಬಸವಪ್ಪ ಅಪ್ಪನವರು 2025ರ ಆಗಸ್ಟಿನಲ್ಲಿ ಲಿಂಗೈಕ್ಯರಾದಾಗ ಈ ಮೂರೂ ತಾಲ್ಲೂಕುಗಳಲ್ಲಿ ಕಣ್ಣೀರಿಡದ ಊರಿಲ್ಲ. ಹಿಂದೆ ಕಲ್ಯಾಣದಲ್ಲಿಯೂ ಹೀಗೆಯೇ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಶೂನ್ಯಪೀಠದ ಮೇಲೆ ತಾವು ಕೂಡದೆ ಅಲ್ಲಮಪ್ರಭುಗಳನ್ನು ಕೂಡಿಸಿದರು. ದೊಡ್ಡವರು ಜಾಗ ಬಿಟ್ಟು ಸರಿದಲ್ಲಿ ಚಿಕ್ಕವರಿಗೆ ನಿಲ್ಲುವ ಧೈರ್ಯ ಬರುತ್ತದೆ.

ಕಲಬುರಗಿಯ ಗುಡಿಯ ಗರ್ಭಗೃಹದಲ್ಲಿ ಶರಣರ ಮುಖ ಒಂಟಿಯಾಗಿಲ್ಲ. ಪಕ್ಕದಲ್ಲಿ ಅವರ ಗುರು ಮರುಳಾರಾಧ್ಯರ ಮುಖವೂ ಇದೆ. ಬೆಳ್ಳಿಯ ಆ ಜೋಡಿ ಮೂರ್ತಿಗಳನ್ನು ಕಂಡಾಗಲೆಲ್ಲ ನಮಗೆ ನಮ್ಮದೇ ಒಂದು ತಪ್ಪು ನೆನಪಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಮಠದ ಉಗ್ರಾಣವನ್ನು ನೋಡಿಕೊಳ್ಳುತ್ತಿದ್ದ ಹಿರಿಯರು ತೀರಿಕೊಂಡರು. ಅಡುಗೆಮನೆಯಲ್ಲಿ ಹತ್ತು ವರ್ಷ ದುಡಿದ, ಬುದ್ಧಿವಂತನಾದ ಒಬ್ಬ ತರುಣನನ್ನು ಕರೆದು ಆ ಹೊಣೆ ಹೊರಲು ಹೇಳಿದೆವು. ಅವನು ಕೈಮುಗಿದು ಒಲ್ಲೆನೆಂದ. ಈಗಿನ ಹುಡುಗರಿಗೆ ಜವಾಬ್ದಾರಿ ಬೇಡವೆಂದು ನಾವು ಪ್ರವಚನದಲ್ಲಿಯೂ ಒಂದೆರಡು ಸಲ ಆಡಿದ್ದುಂಟು. ಆಮೇಲೆ ಅಡುಗೆಮನೆಯ ಒಬ್ಬ ಮುದುಕಿ ನಮಗೆ ನೆನಪು ಮಾಡಿಕೊಟ್ಟಳು. ಹಿಂದಿನ ಜಾತ್ರೆಯಲ್ಲಿ ಮಂದಿ ಹೆಚ್ಚಾದಾಗ ಅದೇ ಹುಡುಗ ಯಾರನ್ನೂ ಕೇಳದೆ ಇನ್ನೂ ಎರಡು ಚೀಲ ಗೋಧಿ ಹುಗ್ಗಿಗೆ ಹಾಕಿಸಿದ್ದ. ಹುಗ್ಗಿ ಮಿಕ್ಕಿತು. ಪಂಕ್ತಿಯಲ್ಲಿ ಕುಳಿತ ಭಕ್ತರ ಎದುರಿಗೇ ನಾವು ಅವನನ್ನು ಗದರಿಸಿದ್ದೆವು. ಉಗ್ರಾಣದ ಕೀಲಿಯೂ ಆಗ ನಮ್ಮ ಕೋಣೆಯಲ್ಲಿಯೇ ಇರುತ್ತಿತ್ತು. ತೆಂಗಿನಕಾಯಿಯನ್ನೂ ಎಣಿಸಿ ಕೊಡುತ್ತಿದ್ದೆವು. ಹಕ್ಕಿ ತಿಂದ ಕಾಳನ್ನು ಎಣಿಸದ ಶರಣರ ಪುರಾಣವನ್ನು ಶ್ರಾವಣ ಮಾಸವೆಲ್ಲ ಹೇಳುತ್ತಿದ್ದವರು ನಾವೇ.

ಆ ರಾತ್ರಿ ನಮಗೆ ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಮರುದಿನ ಅದೇ ಪಂಕ್ತಿಯ ಎದುರಿಗೆ ಅವನನ್ನು ಕರೆದು, ತಪ್ಪು ನಮ್ಮದೆಂದು ಹೇಳಿ ಕೀಲಿ ಕೊಟ್ಟೆವು. ತಕ್ಷಣ ತೆಗೆದುಕೊಳ್ಳಲಿಲ್ಲ. ಎರಡು ತಿಂಗಳು ಕೀಲಿ ಅಡುಗೆಮನೆಯ ಗೂಟಕ್ಕೆ ನೇತಾಡುತ್ತಿತ್ತು. ಯಾರಿಗೆ ಬೇಕೋ ಅವರು ತೆರೆಯುತ್ತಿದ್ದರು, ಕಾಳೇನೂ ಕಡಿಮೆಯಾಗಲಿಲ್ಲ. ಕಾರ್ತಿಕದ ಒಂದು ಸೋಮವಾರ ಅದು ಅವನ ಸೊಂಟದಲ್ಲಿ ಕಂಡಿತು. ಆ ವರ್ಷದ ಜಾತ್ರೆಯಲ್ಲಿಯೂ ಹುಗ್ಗಿ ಮಿಕ್ಕಿತು. ಅವನು ನಮ್ಮ ಮುಖ ನೋಡಿದ. ನಾವು ಏನೂ ಹೇಳಲಿಲ್ಲ. ಮಿಕ್ಕಿದ್ದನ್ನು ಬುಟ್ಟಿಗೆ ತುಂಬಿಸಿ ಪಕ್ಕದ ಮೂರು ತಾಂಡಾಗಳಿಗೆ ತಾನೇ ಗಾಡಿ ಕಟ್ಟಿಸಿಕೊಂಡು ಹೋದ.