ಫುಟ್‌ಬಾಲ್ ಕಲಿಸಿದ ರಹೀಂ ಮಾಸ್ಟ್ರು

ನಮ್ಮ ಕುಂದಾಪುರ, ಬೈಂದೂರು ಕಡೆ ಶಾಲೆಯ ಮೈದಾನವೆಂದರೆ ಕಬಡ್ಡಿ, ವಾಲಿಬಾಲ್, ಸಂಜೆಯಾದರೆ ಕ್ರಿಕೆಟ್. ಆದರೂ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಒಬ್ಬ ಫುಟ್‌ಬಾಲ್ ತರಬೇತುದಾರರ ಬಗ್ಗೆ ಬರೆಯಬೇಕೆನಿಸಿತು. ಅವರು ಶಾಲಾ ಮಾಸ್ಟ್ರಾಗಿದ್ದವರು ಎಂಬುದೇ ಅದಕ್ಕೆ ಕಾರಣ.

ಸೈಯದ್ ಅಬ್ದುಲ್ ರಹೀಂ ಹುಟ್ಟಿದ್ದು 1909ರಲ್ಲಿ, ಹೈದರಾಬಾದಿನಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗಲೇ ಒಳ್ಳೆಯ ಆಟಗಾರ. ಪದವಿ ಮುಗಿಸಿ ಅಲ್ಲಿನ ಶಾಲೆಗಳಲ್ಲಿ ಪಾಠ ಮಾಡಿದರು. ಮುಂದೆ ದೈಹಿಕ ಶಿಕ್ಷಣದ ಡಿಪ್ಲೊಮಾವನ್ನೂ ಪಡೆದರು. 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತಿ ವಹಿಸಿಕೊಂಡ ಮೇಲೆ ಸತತ 5 ವರ್ಷ ಮುಂಬಯಿಯ ರೋವರ್ಸ್ ಕಪ್ ಆ ತಂಡದ್ದೇ ಆಯಿತು.

ಕಲಿಸುವುದರಲ್ಲಿ ಅವರು ಪಕ್ಕಾ ಮಾಸ್ಟ್ರು. ಬಲಗಾಲಿನ ಆಟಗಾರರಿಗೆ ಎಡಗಾಲಿನಲ್ಲೇ ಒದೆಯುವ ಪಂದ್ಯ, ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಓಡದೆ ಕೂಡಲೇ ಇನ್ನೊಬ್ಬರಿಗೆ ದಾಟಿಸಬೇಕಾದ ಪಂದ್ಯ, ಹೀಗೆ ಏರ್ಪಡಿಸಿ ಅಭ್ಯಾಸ ಮಾಡಿಸುತ್ತಿದ್ದರು.

ಭಾರತ ತಂಡ ಅವರ ಕೈಯಲ್ಲಿ 1951ರ ದೆಹಲಿ ಏಷ್ಯಾಡ್‌ನಲ್ಲಿ ಚಿನ್ನ ಗೆದ್ದಿತು. ಆ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 10-1ರ ಸೋಲು! ನಮ್ಮವರು ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಬೂಟು ಕಡ್ಡಾಯವಾದದ್ದು ಆಮೇಲೆ. ನಾಲ್ಕೇ ವರ್ಷಕ್ಕೆ, 1956ರ ಮೆಲ್ಬರ್ನ್‌ನಲ್ಲಿ, ಆಸ್ಟ್ರೇಲಿಯಾವನ್ನು ಅದರ ನೆಲದಲ್ಲೇ 4-2ರಿಂದ ಸೋಲಿಸಿ ಭಾರತ ನಾಲ್ಕನೆಯ ಸ್ಥಾನಕ್ಕೆ ಬಂತು. ಬೆಂಗಳೂರಿನ ಕೆಂಪಯ್ಯ ಆ ತಂಡದಲ್ಲಿದ್ದರು. 1960ರ ರೋಮ್‌ನಲ್ಲಿ ಫ್ರಾನ್ಸ್ ವಿರುದ್ಧ 1-1 ಸಮ. ರೋಮಿಗೆ ಹೋದ ತಂಡದಲ್ಲಿ ರಹೀಂ ಅವರ ಸ್ವಂತ ಮಗ ಹಕೀಂ ಇದ್ದರೂ ಒಂದು ಪಂದ್ಯದಲ್ಲೂ ಅವರನ್ನು ಇಳಿಸಲಿಲ್ಲ. ಇದನ್ನು ಓದಿದಾಗ ನನಗೆ ನಮ್ಮದೇ ಶಾಲೆಯಲ್ಲಿ ಓದುತ್ತಿದ್ದ ಮಾಸ್ಟ್ರ ಮಕ್ಕಳು ನೆನಪಾದರು. ಅವರಿಗೆ ಪೆಟ್ಟು ಯಾವಾಗಲೂ ಒಂದು ಹೆಚ್ಚೇ.

1962ರ ಜಕಾರ್ತಾ ಏಷ್ಯಾಡ್ ಹೊತ್ತಿಗೆ ಅವರನ್ನು ಕ್ಯಾನ್ಸರ್ ಹಿಡಿದಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾಕ್ಕೆ 0-2ರಿಂದ ಸೋಲು. ನಡುವೆ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ರಹೀಂ ಅವರನ್ನು ಕೂರಿಸಲಿಲ್ಲ, ಮುಂದಾಳು ಸ್ಥಾನಕ್ಕೆ ಕಳಿಸಿದರು! ಸೆಪ್ಟೆಂಬರ್ 4ರ ಫೈನಲ್‌ನಲ್ಲಿ ಮತ್ತೆ ಕೊರಿಯಾ. ಇಸ್ರೇಲ್ ಮತ್ತು ತೈವಾನ್ ತಂಡಗಳನ್ನು ಹೊರಗಿಟ್ಟದ್ದನ್ನು ಭಾರತದ ಸೋಂಧಿ ಪ್ರಶ್ನಿಸಿದ್ದರೆಂದು ಅಲ್ಲಿನ ಜನ ಸಿಟ್ಟಾಗಿ, ಇಡೀ ಕ್ರೀಡಾಂಗಣ ನಮ್ಮವರ ವಿರುದ್ಧ ಕೂಗುತ್ತಿತ್ತು. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು ಗೋಲು ಹೊಡೆದರು. 2-1ರಿಂದ ಚಿನ್ನ.

ಒಂಬತ್ತು ತಿಂಗಳಲ್ಲಿ, 1963ರ ಜೂನ್ 11ರಂದು, ರಹೀಂ ತೀರಿಕೊಂಡರು. ಏಷ್ಯಾಡ್ ಫುಟ್‌ಬಾಲ್ ಚಿನ್ನ ಭಾರತಕ್ಕೆ ಮತ್ತೆ ಸಿಕ್ಕಿಲ್ಲ. 2024ರಲ್ಲಿ ಅವರ ಮೇಲೆ ‘ಮೈದಾನ್’ ಎಂಬ ಹಿಂದಿ ಸಿನಿಮಾ ಬಂದಾಗ ನನ್ನ ಓರಗೆಯ ಹೆಚ್ಚಿನವರು ಆ ಹೆಸರನ್ನೇ ಮೊದಲ ಸಲ ಕೇಳಿದ್ದು. ನಾನೂ ಅವರಲ್ಲೊಬ್ಬ.