ಮೇಘನಾದ ಸಹಾ

ಮೇಘನಾದ ಸಹಾ (ಅಕ್ಟೋಬರ್ 6, 1893 – ಫೆಬ್ರವರಿ 16, 1956) ಭಾರತದ ಪ್ರಸಿದ್ಧ ಖಭೌತವಿಜ್ಞಾನಿ. ನಕ್ಷತ್ರಗಳ ರೋಹಿತಕ್ಕೂ ಅವುಗಳ ಉಷ್ಣತೆಗೂ ಇರುವ ಸಂಬಂಧವನ್ನು ತಿಳಿಸುವ ಅಯಾನೀಕರಣ ಸಮೀಕರಣವು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಆದರೆ ಅವರು ಸ್ನಾತಕೋತ್ತರ ಪದವಿ ಪಡೆದದ್ದು ಭೌತಶಾಸ್ತ್ರದಲ್ಲಲ್ಲ, ಅನ್ವಯಿಕ ಗಣಿತದಲ್ಲಿ. ಪದವಿಯ ನಂತರ ಅವರು ಬಯಸಿದ್ದು ಸರ್ಕಾರದ ಹಣಕಾಸು ಸೇವೆಯನ್ನು.

ಬಾಲ್ಯ ಮತ್ತು ಶಾಲಾ ಶಿಕ್ಷಣ

ಸಹಾ ಅವರು ಈಗಿನ ಬಾಂಗ್ಲಾದೇಶದ ಢಾಕಾ ನಗರಕ್ಕೆ ಸಮೀಪದ ಶಿಯೋರಾತಲಿ ಗ್ರಾಮದಲ್ಲಿ ಜನಿಸಿದರು. ತಂದೆ ಜಗನ್ನಾಥ ಸಹಾ ಸಣ್ಣ ದಿನಸಿ ಅಂಗಡಿ ನಡೆಸುತ್ತಿದ್ದರು. ಮಗನೂ ಅಂಗಡಿಯಲ್ಲಿ ಕುಳಿತುಕೊಳ್ಳಲಿ ಎಂಬುದು ತಂದೆಯ ಇಚ್ಛೆಯಾಗಿತ್ತು. ಮಾಧ್ಯಮಿಕ ಶಾಲೆಯು ಹಲವು ಮೈಲಿ ದೂರದಲ್ಲಿದ್ದುದರಿಂದ, ಅಲ್ಲಿನ ವೈದ್ಯ ಅನಂತಕುಮಾರ ದಾಸ್ ಅವರು ಬಾಲಕನಿಗೆ ತಮ್ಮ ಮನೆಯಲ್ಲಿ ಊಟ ವಸತಿ ನೀಡಿದರು. ಪ್ರತಿಯಾಗಿ ಆತ ಹಸುವನ್ನು ನೋಡಿಕೊಳ್ಳಬೇಕಿತ್ತು ಮತ್ತು ತಾನುಂಡ ಪಾತ್ರೆಯನ್ನು ತಾನೇ ತೊಳೆದಿಡಬೇಕಿತ್ತು.

1905ರಲ್ಲಿ ವಿದ್ಯಾರ್ಥಿವೇತನ ಪಡೆದು ಢಾಕಾ ಕಾಲೇಜಿಯೇಟ್ ಶಾಲೆಗೆ ಸೇರಿದರು. ಅದೇ ಕಾಲಕ್ಕೆ ಬಂಗಾಳದ ವಿಭಜನೆಯಾಯಿತು. ಲೆಫ್ಟಿನೆಂಟ್ ಗವರ್ನರ್ ಫುಲ್ಲರ್ ಅವರ ಭೇಟಿಯನ್ನು ಬಹಿಷ್ಕರಿಸಿದ ವಿದ್ಯಾರ್ಥಿಗಳಲ್ಲಿ ಸಹಾ ಕೂಡ ಇದ್ದರೆಂದು ಅವರನ್ನು ಶಾಲೆಯಿಂದ ಹೊರಹಾಕಲಾಯಿತು, ವಿದ್ಯಾರ್ಥಿವೇತನವೂ ನಿಂತುಹೋಯಿತು. ಕಿಶೋರಿಲಾಲ್ ಜುಬಿಲಿ ಶಾಲೆ ಅವರನ್ನು ಸೇರಿಸಿಕೊಳ್ಳದಿದ್ದರೆ ಓದು ಅಲ್ಲಿಗೇ ಮುಗಿಯುತ್ತಿತ್ತು.

ಕಲ್ಕತ್ತೆಯಲ್ಲಿ

1911ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಜಗದೀಶಚಂದ್ರ ಬೋಸ್ ಮತ್ತು ಪ್ರಫುಲ್ಲಚಂದ್ರ ರೇ ಅಲ್ಲಿ ಅಧ್ಯಾಪಕರಾಗಿದ್ದರು. ಸತ್ಯೇಂದ್ರನಾಥ ಬೋಸ್ ಸಹಪಾಠಿ. 1913ರ ಬಿ.ಎಸ್ಸಿ. ಆನರ್ಸ್ ಮತ್ತು 1915ರ ಎಂ.ಎಸ್ಸಿ. ಎರಡರಲ್ಲೂ ಬೋಸ್ ಮೊದಲಿಗರು, ಸಹಾ ಎರಡನೆಯವರು. ಪಾಠದ ಕೋಣೆಯಲ್ಲಿ ಹೀಗಿದ್ದರೂ, ವಿದ್ಯಾರ್ಥಿನಿಲಯದಲ್ಲಿ ಜಾತಿಯ ಕಾರಣದಿಂದ ಅವರು ಇತರರೊಂದಿಗೆ ಊಟದ ಪಂಕ್ತಿಯಲ್ಲಿ ಕುಳಿತುಕೊಳ್ಳುವಂತಿರಲಿಲ್ಲ.

ವಿಜ್ಞಾನ ಪದವೀಧರನಿಗೆ ಆಗಿನ ಭಾರತದಲ್ಲಿ ಸಂಶೋಧನೆಯೆಂಬುದು ಜೀವನೋಪಾಯವಾಗಿರಲಿಲ್ಲ. ಸಿ. ವಿ. ರಾಮನ್ ಅವರೂ 1907ರಲ್ಲಿ ಹಣಕಾಸು ಸೇವೆಯ ಪರೀಕ್ಷೆ ಬರೆದು ಲೆಕ್ಕಪತ್ರ ಇಲಾಖೆಯ ಅಧಿಕಾರಿಯಾಗಿದ್ದರು. ಸಹಾ ಅದೇ ದಾರಿ ಹಿಡಿಯಲು ಹೊರಟಾಗ, ಕ್ರಾಂತಿಕಾರಿಗಳೊಂದಿಗೆ ಸಂಪರ್ಕವಿದೆಯೆಂಬ ಕಾರಣಕ್ಕೆ ಸರ್ಕಾರ ಅವರಿಗೆ ಪರೀಕ್ಷೆಗೆ ಕೂರಲು ಅನುಮತಿ ನೀಡಲಿಲ್ಲ. ಸೈಕಲ್ಲಿನಲ್ಲಿ ನಗರವನ್ನು ಸುತ್ತಿ ಮನೆಪಾಠ ಹೇಳುತ್ತಾ ಅವರು ದಿನ ಕಳೆದರು.

1916ರಲ್ಲಿ ಅಶುತೋಷ ಮುಖರ್ಜಿಯವರು ಹೊಸದಾಗಿ ತೆರೆದಿದ್ದ ವಿಜ್ಞಾನ ಕಾಲೇಜಿನಲ್ಲಿ ಬೋಸ್ ಮತ್ತು ಸಹಾ ಇಬ್ಬರಿಗೂ ಉಪನ್ಯಾಸಕ ಹುದ್ದೆ ನೀಡಿದರು. ಗಣಿತ ವಿಭಾಗದ ಪ್ರಾಧ್ಯಾಪಕರೊಂದಿಗೆ ಹೊಂದಾಣಿಕೆಯಾಗದೆ ಸಹಾ ಭೌತಶಾಸ್ತ್ರ ವಿಭಾಗಕ್ಕೆ ಬಂದರು. ತಾವು ವಿದ್ಯಾರ್ಥಿಯಾಗಿ ಹೆಚ್ಚು ಓದಿರದ ಉಷ್ಣಗತಿವಿಜ್ಞಾನ, ರೋಹಿತವಿಜ್ಞಾನಗಳನ್ನು ಸ್ವತಃ ಓದಿಕೊಂಡು ಮರುದಿನ ಎಂ.ಎಸ್ಸಿ. ತರಗತಿಗೆ ಪಾಠ ಮಾಡಬೇಕಾಯಿತು. ಅವರ ಮುಂದಿನ ಸಂಶೋಧನೆಯ ಬೇರು ಇಲ್ಲಿಯೇ ಇದೆ. ಇದೇ ವರ್ಷಗಳಲ್ಲಿ ಬೋಸ್ ಅವರೊಂದಿಗೆ ಸೇರಿ ಐನ್‌ಸ್ಟೈನ್ ಮತ್ತು ಮಿಂಕೋವ್‌ಸ್ಕಿಯವರ ಸಾಪೇಕ್ಷತಾ ಪ್ರಬಂಧಗಳನ್ನು ಜರ್ಮನ್ ಭಾಷೆಯಿಂದ ಇಂಗ್ಲಿಷಿಗೆ ಅನುವಾದಿಸಿದರು.

ಅಯಾನೀಕರಣ ಸಮೀಕರಣ

ಸೂರ್ಯನ ವರ್ಣಗೋಳದ ಅಯಾನೀಕರಣವನ್ನು ಕುರಿತ ಪ್ರಬಂಧವು 1920ರಲ್ಲಿ ಫಿಲಸಾಫಿಕಲ್ ಮ್ಯಾಗಜೀನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಉಷ್ಣತೆ ಏರಿದಂತೆ ಪರಮಾಣುವು ಎಲೆಕ್ಟ್ರಾನನ್ನು ಕಳೆದುಕೊಳ್ಳುತ್ತದೆ. ಒತ್ತಡ ಕಡಿಮೆಯಿದ್ದಷ್ಟೂ ಇದು ಸುಲಭ. ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವಿನ ರೋಹಿತ ರೇಖೆಗಳು ಬೇರೆಯಾಗಿರುತ್ತವೆ. ಹೀಗಾಗಿ ಒಂದು ನಕ್ಷತ್ರದಲ್ಲಿ ಕಾಣುವ ರೇಖೆ ಇನ್ನೊಂದರಲ್ಲಿ ಕಾಣದಿದ್ದರೆ ಆ ಧಾತುವೇ ಅಲ್ಲಿಲ್ಲವೆಂದು ಹೇಳಲಾಗದು; ಉಷ್ಣತೆಯ ವ್ಯತ್ಯಾಸವೇ ಅದಕ್ಕೆ ಕಾರಣವಾಗಿರಬಹುದು. ಸಹಾ ಈ ವಿಚಾರಕ್ಕೆ ಲೆಕ್ಕದ ರೂಪ ಕೊಟ್ಟರು. 1925ರಲ್ಲಿ ಸಿಸಿಲಿಯಾ ಪೇನ್ ಅವರು ನಕ್ಷತ್ರಗಳಲ್ಲಿ ಜಲಜನಕವೇ ಅತ್ಯಧಿಕವೆಂದು ಲೆಕ್ಕಹಾಕಿದ್ದು ಇದೇ ಸಮೀಕರಣದ ನೆರವಿನಿಂದ. ದೂರದರ್ಶಕವನ್ನಾಗಲಿ ಸುಸಜ್ಜಿತ ಪ್ರಯೋಗಾಲಯವನ್ನಾಗಲಿ ಹೊಂದಿರದ ಸಹಾ, ತಮ್ಮ ಸಿದ್ಧಾಂತವನ್ನು ತಾವೇ ಪರೀಕ್ಷಿಸಿ ಮುಂದುವರಿಸುವ ಅವಕಾಶವನ್ನು ಬಹುಮಟ್ಟಿಗೆ ಕಳೆದುಕೊಂಡರು.

ಲಂಡನ್ ಮತ್ತು ಬರ್ಲಿನ್‌ಗಳಲ್ಲಿ ಕೆಲಸಮಾಡಿ ಹಿಂತಿರುಗಿದ ಅವರು 1923ರಿಂದ 1938ರವರೆಗೆ ಅಲಹಾಬಾದ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. 1927ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ಬಿ. ಎನ್. ಶ್ರೀವಾಸ್ತವ ಅವರೊಂದಿಗೆ ಬರೆದ ಉಷ್ಣಶಾಸ್ತ್ರದ ಪಠ್ಯಪುಸ್ತಕವು ಭಾರತದ ಕಾಲೇಜುಗಳಲ್ಲಿ ಬಹುಕಾಲ ಬಳಕೆಯಲ್ಲಿತ್ತು.

ಸಂಸ್ಥೆಗಳು ಮತ್ತು ಸಂಸತ್ತು

1938ರಲ್ಲಿ ಕಲ್ಕತ್ತೆಗೆ ಮರಳಿ ಪಾಲಿತ್ ಪ್ರಾಧ್ಯಾಪಕರಾದರು; ಹಿಂದೆ ರಾಮನ್ ಅವರು ಅಲಂಕರಿಸಿದ್ದ ಪೀಠವಿದು. ಅಲ್ಲಿ ಪರಮಾಣು ಭೌತಶಾಸ್ತ್ರದ ಬೋಧನೆಯನ್ನು ಬೆಳೆಸಿದರು. ಅವರು ಕಟ್ಟಿದ ಪರಮಾಣು ಭೌತವಿಜ್ಞಾನ ಸಂಸ್ಥೆಯನ್ನು 1950ರಲ್ಲಿ ಐರೀನ್ ಜೋಲಿಯೋ ಕ್ಯೂರಿ ಉದ್ಘಾಟಿಸಿದರು. ಇಂದು ಅದು ಸಹಾ ಅವರ ಹೆಸರನ್ನೇ ಹೊಂದಿದೆ. ದಾಮೋದರ ನದಿಯ ಪ್ರವಾಹ ನಿಯಂತ್ರಣ, ಕೈಗಾರಿಕಾ ಯೋಜನೆ ಮುಂತಾದ ವಿಷಯಗಳ ಬಗ್ಗೆ ತಾವೇ ಆರಂಭಿಸಿದ್ದ ಸೈನ್ಸ್ ಅಂಡ್ ಕಲ್ಚರ್ ಪತ್ರಿಕೆಯಲ್ಲಿ ನಿರಂತರವಾಗಿ ಬರೆದರು. 1952ರಲ್ಲಿ ಪಕ್ಷೇತರರಾಗಿ ಲೋಕಸಭೆಗೆ ಆಯ್ಕೆಯಾದರು.

ಅದೇ ವರ್ಷ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿಗೆ ಅವರೇ ಅಧ್ಯಕ್ಷರು. ಸೂರ್ಯನ ಉತ್ತರಾಭಿಮುಖ ಚಲನೆ ಡಿಸೆಂಬರ್ 22ರ ಸುಮಾರಿಗೆ ಆರಂಭವಾದರೂ ಉತ್ತರಾಯಣದ ಮಕರ ಸಂಕ್ರಾಂತಿಯನ್ನು ಜನವರಿ 14ರಂದು ಆಚರಿಸುವಷ್ಟು, ಅಂದರೆ ಸುಮಾರು 23 ದಿನಗಳಷ್ಟು, ಪಂಚಾಂಗಗಳು ಋತುಚಕ್ರದಿಂದ ಸರಿದಿದ್ದವು. ಸಮಿತಿಯು 1955ರಲ್ಲಿ ವರದಿ ಸಲ್ಲಿಸಿತು. ಫೆಬ್ರವರಿ 16, 1956ರಂದು ದೆಹಲಿಯಲ್ಲಿ ಯೋಜನಾ ಆಯೋಗದ ಕಚೇರಿಗೆ ಹೋಗುತ್ತಿದ್ದಾಗ ಸಹಾ ಹೃದಯಾಘಾತದಿಂದ ನಿಧನರಾದರು. ಸಮಿತಿಯ ಶಿಫಾರಸಿನಂತೆ ರೂಪುಗೊಂಡ ರಾಷ್ಟ್ರೀಯ ಪಂಚಾಂಗವು ಮಾರ್ಚ್ 22, 1957ರಂದು, ಶಕ 1879ರ ಚೈತ್ರ 1ರಿಂದ, ಜಾರಿಗೆ ಬಂದಿತು.